ಅಡಿಸಾಲಿನಲ್ಲಿ ಇರಬೇಕಿದ್ದ ಹೆಸರು

ಕುಷ್ಟಗಿ
3 ಮಾರ್ಚ್ 2025

ಶಮಾ, ನನ್ನ ಚಿನ್ನದಂಥ ಶಮಾ,

ಕ್ಷೇಮ ಎಂಬ ಮಾತು ಸಾಲುವುದಿಲ್ಲ, ನಾನು ಇಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದೇನೆ! ಮದುವೆಯಾಗಿ ಹದಿನೈದು ದಿನ. ನೀನು ಹಚ್ಚಿದ ಮೆಹಂದಿ ಬಲಗೈಯಲ್ಲಿ ಪೂರ್ತಿ ಮಾಸಿತು, ಎಡಗೈಯಲ್ಲಿ ಇನ್ನೂ ತುಸು ಉಳಿದಿದೆ. "ಫೋನಿನ್ಯಾಗ ಬರೇ ಗಂಡನ ಸುದ್ದಿ ಹೇಳ್ತಿ, ನಂಗ ಕೇಳಾಕ ಆಗಂಗಿಲ್ಲ. ಪತ್ರ ಬರಿ, ಬ್ಯಾಸರ ಬಂದಲ್ಲಿ ಬಿಟ್ಟು ಓದ್ತೀನಿ" ಎಂದು ಅವತ್ತು ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗ ಬಿಟ್ಟು ಓದಬೇಕಾದ ಭಾಗ ಶುರು, ಎಚ್ಚರ!

ರುದ್ರೇಶ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ದಿನಾ ಏನಾದರೊಂದು ತರುತ್ತಾರೆ. ಶನಿವಾರ ದಾಳಿಂಬೆ. ಶುಕ್ರವಾರ ಮಂಡಕ್ಕಿ ಒಗ್ಗರಣಿ, ಮಿರ್ಚಿ. ಭಾನುವಾರ ಇಟಗಿಯ ಗುಡಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಕಂಬಗಳು ಎಷ್ಟು ನಯವಾಗಿವೆ ಎಂದರೆ ಬಾಗಿ ನೋಡಿದರೆ ನಮ್ಮಿಬ್ಬರ ಮುಖ ಕಾಣುತ್ತಿತ್ತು, ಅಗಲವಾಗಿ, ಬೆಪ್ಪರ ಹಾಗೆ. ಭಾಗ ಮುಗಿಯಿತು.

ಈಗ ನಿನ್ನ ವಿಷಯ. ಮೆಹಂದಿ ಹಚ್ಚುತ್ತ ಹೇಳಿದೆಯಲ್ಲ, ಗಂಗಾವತಿಯ ಮಿಲ್ಲಿನಲ್ಲಿ ಅಕ್ಕಿಯ ಕಪ್ಪು ಕಾಳು ಆರಿಸುವ ಯಂತ್ರದ ಬೋರ್ಡು ಸತ್ತಿತ್ತು, ನೀನು ರಿಪೇರಿಗೆ ಬಿಚ್ಚಿ ನೋಡಿದರೆ ಬೋರ್ಡನ್ನು ನಡೆಸುವ ಒಳಗಿನ ಪ್ರೋಗ್ರಾಮು, ಫರ್ಮ್‌ವೇರೇ ಅಳಿಸಿಹೋಗಿತ್ತು, ಸಾಮಾನ್ಯ ಲಾಗಿನ್‌ನಿಂದ ಕೂತವರೂ ಅದಕ್ಕೆ ಯಾವ ಆಜ್ಞೆ ಬೇಕಾದರೂ ಕಳಿಸಬಹುದು ಎಂದು. ನೀನು ಹೇಳಿದ್ದು ಅಕ್ಷರಶಃ ಸರಿ! ಕರ್ನಲ್‌ನಲ್ಲಿ ಆ ಬೋರ್ಡಿಗೆ ಆಜ್ಞೆ ಮುಟ್ಟಿಸುವ ಭಾಗ, ಅದರ ಡ್ರೈವರ್, ಈಗ ನನ್ನ ಉಸ್ತುವಾರಿಯಲ್ಲೇ ಇದೆ. ತೆರೆದು ನೋಡಿದೆ. ಒಂದೇ ಒಂದು ತಪಾಸಣೆ ಇಲ್ಲ.

ನಮ್ಮತ್ತೆ ಶಿವಬಸಮ್ಮ ಕೇಳಿದರು: "ದಿನಾ ಮ್ಯಾಲಿನ ಖೋಲಿ ಬಾಗಲಾ ಹಾಕ್ಕೊಂಡು ಏನು ಮಾಡ್ತೀಯವಾ?"

"ಕಂಪ್ಯೂಟರಿನೊಳಗ ಕರ್ನಲ್ ಅಂತ ಒಂದು ಇರತೈತ್ರಿ ಅತ್ತಿ, ಬಾಗಲಾ ಕಾಯೋರ ಹಂಗ. ಯಂತ್ರಕ್ಕ ಏನು ಹೇಳಬೇಕಂದ್ರೂ ಅದರ ಕೈಲಿಂದನ ಹೋಗಬೇಕು. ಈಗ ಅದು ಯಾರು ಏನಂದ್ರೂ ಒಳಗ ಮುಟ್ಟಸ್ತೈತಿ. 'ನಿನ್ನೊಳಗ ಇದ್ದದ್ದೆಲ್ಲಾ ಅಳಸ್ಕೋ' ಅಂದ್ರೂ ಮುಟ್ಟಸ್ತೈತ್ರಿ."

"ಅಂದ್ರ ನಮ್ಮ ಬಾಜು ಮನಿ ಕಳಕಮ್ಮ ಇದ್ದಂಗ ಅನ್ನು."

ನಕ್ಕು ನಕ್ಕು ಸಾಕಾಯಿತು. ಅಂತೂ ತಪಾಸಣೆ ಬರೆದಿದ್ದೇನೆ. ಬರೀ ಓದುವ ಆಜ್ಞೆ ಯಾರಾದರೂ ಕಳಿಸಲಿ. ಬರೆಯುವ, ಅಳಿಸುವ ಆಜ್ಞೆ ಮಾತ್ರ ಯಂತ್ರದ ಅಧಿಕಾರಿಯ ಲಾಗಿನ್‌ನಿಂದಲೇ ಬರಬೇಕು. ಇವತ್ತು ಈ ತಿದ್ದುಪಡಿ, ಅಂದರೆ ಪ್ಯಾಚ್, ಕರ್ನಲ್ ಕೆಲಸದವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೆ ಹೋಗುತ್ತದೆ. ರುದ್ರೇಶ ನಿನ್ನೆ ಇದನ್ನೆಲ್ಲ ಮಾವನವರಿಗೆ ಹೇಳಿದರು. ಮಾವನವರು ಕಾಳಿನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ, "ಜಗತ್ತಿನ್ಯಾಗ ಯಾರಿಗೂ ಕಾಣದ್ದು ನಮ್ಮ ಸೊಸಿಗೆ ಕಂಡೈತಿ ನೋಡ್ರಿ" ಎನ್ನುತ್ತಿದ್ದಾರಂತೆ! ನಾನು ನಾಚಿ ಒಳಗೆ ಓಡಿದೆ.

ರೋಜಾ ಶುರುವಾಗಿದೆ, ಬಿಸಿಲಲ್ಲಿ ಮಿಲ್ಲಿನಿಂದ ಮಿಲ್ಲಿಗೆ ತಿರುಗಬೇಡ. ಲಾಲಬೀ ಅಮ್ಮನಿಗೆ ನನ್ನ ಸಲಾಮು ಹೇಳು.

ಖುಷಿಯಲ್ಲಿ ಕೈಬರಹ ಕೆಟ್ಟಿರುವ
ನಿನ್ನ ಭವಾನಿ


ಕುಷ್ಟಗಿ
16 ಏಪ್ರಿಲ್ 2025

ಶಮಾ,

ಒಂದು ಪತ್ರಕ್ಕೂ ಉತ್ತರವಿಲ್ಲ, ಫೋನೂ ಎತ್ತುತ್ತಿಲ್ಲ, ಈ ರಂಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಕೂಡ ಕಳಿಸಲಿಲ್ಲ. ಗಂಡನ ಸುದ್ದಿ ಅಷ್ಟು ಬೇಸರ ತಂದಿತೇ?

ನನ್ನ ಬಳಿ ಹೇಳಲು ಎಷ್ಟೊಂದಿದೆ! ಪ್ಯಾಚ್ ಈ ತಿಂಗಳ ಮೊದಲ ವಾರ ಮುಖ್ಯ ಕರ್ನಲ್‌ಗೆ ಸೇರಿತು. ಯಂತ್ರ ಮಾಡುವ ಕಂಪನಿಯವರು ಬರುವ ತಿಂಗಳೇ ಎಲ್ಲ ಮಿಲ್ಲುಗಳಿಗೆ ಅಪ್‌ಡೇಟ್ ಕಳಿಸುತ್ತಾರಂತೆ. ನಿಮ್ಮ ಗಂಗಾವತಿಗೂ ಬರುತ್ತದೆ, ನನ್ನ ಕೋಣೆಯಿಂದ ನಿನ್ನ ಕೈಗೆ!

ಇನ್ನೊಂದು. ಕೊಪ್ಪಳದ ಒಂದು ಸಂಘದವರು ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಹೆಸರು ಕೆತ್ತಿಸಿದ ಫಲಕ. ನಿರೂಪಕರು "ಲೋಕವೇ ಕಾಣದ ದೋಷ ಕಂಡ ಕುಷ್ಟಗಿಯ ಸೊಸೆ" ಎಂದು ಮೈಕಿನಲ್ಲಿ ಕೂಗಿದಾಗ ಮಾವನವರು ಮುಂದಿನ ಸಾಲಿನಲ್ಲಿ ಎದ್ದು ನಿಂತೇ ಬಿಟ್ಟರು. ಪತ್ರಿಕೆಯಲ್ಲಿ ಫೋಟೋ ಬಂದಿದೆ, ನೀನೂ ನೋಡಿರಬಹುದು. ಶಾಲಿನಲ್ಲಿ ನಾನು ಅಜ್ಜಿಯಂತೆ ಕಾಣುತ್ತೇನೆ.

ಮನೆಯಿಂದಲೇ ಮಾಡುವ ಆ ಕಂಪ್ಯೂಟರ್ ಭದ್ರತಾ ತಂಡದ ಕೆಲಸಕ್ಕೆ ನಿನ್ನ ಸಂದರ್ಶನ ಇತ್ತಲ್ಲ, ಏನಾಯಿತು? ಒಂದು ಸಾಲು ಬರಿ, ಬೈದಾದರೂ ಬರಿ.

ನಿನ್ನ ಭವಾನಿ


ಗಂಗಾವತಿ
24 ಏಪ್ರಿಲ್ 2025

ಭವಾನಿ,

ಫೋಟೋ ನೋಡಿದೆ. ಶಾಲು ಚೆನ್ನಾಗಿದೆ.

ಸಂದರ್ಶನದ ಬಗ್ಗೆ ಕೇಳಿದ್ದೀಯ. ಮೂವರು ಇದ್ದರು. "ನೀವೇ ಕಂಡುಹಿಡಿದ ಒಂದು ದೋಷ ಹೇಳಿ" ಎಂದರು. ನನಗಿದ್ದದ್ದು ಅದೊಂದೇ. ಬೋರ್ಡು ಬಿಚ್ಚಿದ್ದು, ತಂತಿಗೆ ತಂತಿ ಹಿಡಿದು ಯಾವ ಆಜ್ಞೆ ಹೋಗುತ್ತದೆಂದು ನೋಡಿದ್ದು, ಅದು ಸಾಮಾನ್ಯ ಲಾಗಿನ್‌ನಿಂದಲೇ ಬಂತೆಂದು ಗೊತ್ತಾದದ್ದು, ಎಲ್ಲ ಹೇಳಿದೆ. ಅವರಲ್ಲಿ ಒಬ್ಬರು ಕರ್ನಲ್‌ನ ಮೇಲಿಂಗ್ ಲಿಸ್ಟ್ ತೆರೆದರು. ನಿನ್ನ ಪ್ಯಾಚ್ ಸಿಕ್ಕಿತು. ಅಡಿಯಲ್ಲಿ ಸಾಲುಗಳಿರುತ್ತವಲ್ಲ, ಕಂಡವರು ಯಾರು, ಬರೆದವರು ಯಾರು, ನೋಡಿ ಒಪ್ಪಿದವರು ಯಾರು ಎಂದು. ಅವನ್ನು ಓದಿದರು. "ಇಲ್ಲಿ ನಿಮ್ಮ ಹೆಸರು ಇಲ್ಲವಲ್ಲ" ಎಂದರು. ಜೋರು ಮಾಡಲಿಲ್ಲ. ಭಾಳ ಮರ್ಯಾದೆಯಿಂದ ಇನ್ನೆರಡು ಪ್ರಶ್ನೆ ಕೇಳಿ ಮುಗಿಸಿದರು. ನಾನು ಇನ್ನೊಬ್ಬಳ ಕೆಲಸವನ್ನು ನನ್ನದೆಂದವಳು ಎಂದು ಅವರು ತಿಳಿದದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಇದು ನಡೆದದ್ದು.

ನನ್ನದು ಒಂದೇ ಪ್ರಶ್ನೆ. ಹೆಸರು ಯಾಕಿಲ್ಲ?

ಶಮಾ


ಕುಷ್ಟಗಿ
27 ಏಪ್ರಿಲ್ 2025

ಶಮಾ, ಶಮಾ,

ಅಯ್ಯೋ, ನನ್ನನ್ನು ಹೊಡಿ! ಮರೆತೆ. ನಿಜವಾಗಿಯೂ ಮರೆತೆ. ಮದುವೆಯ ಗದ್ದಲ, ಮನೆಗೆ ಬಂದು ಹೋಗುವ ನೆಂಟರು, ಒಂದು ಕೈಯಲ್ಲಿ ಚಹಾದ ತಟ್ಟೆ, ಇನ್ನೊಂದು ಕೈಯಲ್ಲಿ ಪ್ಯಾಚ್. ಆ ಹದಿನೈದು ದಿನ ನನ್ನ ತಲೆ ನೆಟ್ಟಗಿರಲೇ ಇಲ್ಲ. ನಿನ್ನ ಹೆಸರು ಬರೆಯುವುದನ್ನು ನಾನು ಬೇಕೆಂದು ಬಿಡುತ್ತೇನೆಯೇ? ನೀನೇ ಹೇಳು!

ಈಗಲೇ ಸೇರಿಸಿಬಿಡೋಣ ಎಂದು ಓಡಿದೆ. ಆದರೆ ಗೊತ್ತಲ್ಲ ನಿನಗೆ, ಮುಖ್ಯ ಕರ್ನಲ್‌ಗೆ ಒಮ್ಮೆ ಸೇರಿದ ಟಿಪ್ಪಣಿಯನ್ನು ಯಾರೂ ತಿದ್ದುವಂತಿಲ್ಲ. ಅದರ ಮೇಲೆ ಆಗಲೇ ಸಾವಿರಾರು ಬದಲಾವಣೆ ಕೂತಿವೆ. ಕೆಳಗೆ ಒಂದಕ್ಷರ ಅಲುಗಿದರೆ ಮೇಲಿನ ಎಲ್ಲದರ ಗುರುತೂ ಬದಲಾಗುತ್ತದೆ. ಅದು ಹಾಗೆಯೇ ಇರುತ್ತದೆ.

ಸಂದರ್ಶನ ಮಾಡಿದವರ ನಂಬರು ಕೊಡು, ನಾನೇ ಮಾತಾಡುತ್ತೇನೆ. ಏನು ಬೇಕಾದರೂ ಮಾಡುತ್ತೇನೆ. ಬರುವ ತಿಂಗಳು ಒಮ್ಮೆ ಮನೆಗೆ ಬಾ, ಅತ್ತೆಯ ಕೈಯ ಎಣ್ಣೆಗಾಯಿ ತಿಂದರೆ ಸಿಟ್ಟು ಇಳಿಯುತ್ತದೆ.

ಮುದ್ದು ಮಾಡಿ ಕೇಳುವ
ನಿನ್ನ ಭವಾನಿ


ಗಂಗಾವತಿ
9 ಜೂನ್ 2025

ಭವಾನಿ,

ಉತ್ತರ ಬರೆಯಬಾರದೆಂದಿದ್ದೆ. ಈಗ ಬರೆಯುತ್ತಿರುವುದು ನನಗಾಗಿ ಅಲ್ಲ.

ಕಾರಟಗಿ ರಸ್ತೆಯ ಒಂದು ಮಿಲ್ಲಿನಲ್ಲಿ ಮಾರೆಪ್ಪ ಎಂಬವರು ಆರಿಸುವ ಯಂತ್ರ ನಡೆಸುತ್ತಾರೆ. ಹದಿನೆಂಟು ವರ್ಷದಿಂದ ಅದೇ ಕೆಲಸ. ನಿನ್ನ ತಪಾಸಣೆ ಇರುವ ಅಪ್‌ಡೇಟ್ ಹಾಕಿದ ಮೇಲೆ ಕಂಪನಿಯವರು ಅಲ್ಲಿಯವರೆಗೆ ಅಧಿಕಾರಿಗೆ ಮಾತ್ರ ಇದ್ದ ಯಂತ್ರದ ಪರದೆಯನ್ನು ಸಾಮಾನ್ಯ ಲಾಗಿನ್‌ಗೂ ಬಿಟ್ಟುಕೊಟ್ಟರು. ಕರ್ನಲ್ ಕಾಯುತ್ತದೆ, ಓದುವ ಆಜ್ಞೆ ಬಿಟ್ಟು ಬೇರೆ ಒಳಗೆ ಹೋಗುವುದಿಲ್ಲ, ಇನ್ನು ಭಯವಿಲ್ಲ ಎಂಬ ನಂಬಿಕೆ. ಹೋದ ವಾರ ಮಾರೆಪ್ಪ ಪರದೆಯಲ್ಲಿ 'ಅಳತೆ ಪಟ್ಟಿ ತೋರಿಸು' ಒತ್ತಿದರು. ಯಾವ ಕಾಳು ಕಪ್ಪು, ಯಾವುದು ಬಿಳಿ ಎಂದು ಯಂತ್ರಕ್ಕೆ ಹೇಳುವ ಪಟ್ಟಿ ಅದು. ಹಳೆಯ ಬೋರ್ಡುಗಳಲ್ಲಿ ಆ ಆಜ್ಞೆ ಬರೀ ಓದುವುದಿಲ್ಲ. ಎಷ್ಟು ಓದಬೇಕೆಂಬ ಅಳತೆಯನ್ನು ಸೊನ್ನೆ ಎಂದು ಕಳಿಸಿದರೆ ಪಟ್ಟಿಯನ್ನೇ ಅಳಿಸಿ ಕೂರುತ್ತದೆ. ಪಟ್ಟಿ ಎಷ್ಟು ಉದ್ದವಿದೆ ಎಂದು ತಿಳಿಯಲು ಪರದೆಯ ಪ್ರೋಗ್ರಾಮು ಮೊದಲು ಸೊನ್ನೆಯನ್ನೇ ಕಳಿಸುತ್ತದೆ.

ಮಧ್ಯಾಹ್ನದಿಂದ ಸಂಜೆಯವರೆಗೆ ಕಪ್ಪು ಕಾಳು, ಕಲ್ಲು ಎಲ್ಲ ಒಳ್ಳೆ ಅಕ್ಕಿಯ ಜೊತೆಗೇ ಚೀಲಕ್ಕೆ ಇಳಿಯಿತು. ಚೀಲ ಹೊಲಿದೂ ಆಗಿತ್ತು. ನಾನು ಹೋದಾಗ ಸಾಹುಕಾರರು ಕೂಗಾಡುತ್ತಿದ್ದರು. "ನೀನ ಏನೋ ಒತ್ತಿ ಕೆಡಿಸೀದಿ!"

"ನಾ ಬರೇ ನೋಡೀನ್ರಿ ಸಾಹುಕಾರ. ನೋಡಿದ್ರ ಅಳಸತೈತೇನ್ರಿ?" ಎಂದರು ಮಾರೆಪ್ಪ.

ಯಾರೂ ನಂಬಲಿಲ್ಲ. ಎಂಟು ದಿನದಿಂದ ಮನೆಯಲ್ಲಿ ಕೂರಿಸಿದ್ದಾರೆ. ಯಂತ್ರದ್ದೇ ತಪ್ಪು ಎಂದೆ, ದಾಖಲೆ ತೋರಿಸಿ ಎಂದು ಸಾಹುಕಾರರು ಕೇಳಿದರು. ಕಂಪನಿಯ ಆಜ್ಞೆಗಳ ಅಧಿಕೃತ ಪಟ್ಟಿಯಲ್ಲಿ ಅದು 'ಓದುವ ಆಜ್ಞೆ' ಎಂದೇ ಇದೆ. ನಿನ್ನ ಪ್ಯಾಚಿನಲ್ಲೂ ಹಾಗೇ ಇದೆ.

ಈ ಸೊನ್ನೆಯ ವಿಷಯ ನನ್ನ ವಹಿಯಲ್ಲಿ ಜನವರಿಯಿಂದಲೇ ಬರೆದಿದೆ. ಕಂಡವರ ಹೆಸರು ಅಡಿಯಲ್ಲಿದ್ದರೆ, ಪ್ಯಾಚ್ ನೋಡಿ ಒಪ್ಪುವ ಹಿರಿಯರು ಕಂಡವರನ್ನೇ ಕೇಳುತ್ತಾರೆ. ಆ ಸಾಲು ಇರುವುದೇ ಅದಕ್ಕೆ. ನನ್ನನ್ನು ಯಾರೂ ಕೇಳಲಿಲ್ಲ.

ನೀನು ಮರೆತೆ ಎಂದೆ. ಹಾಸ್ಟೆಲಿನಲ್ಲಿ ಯಾರಿಂದ ಪೆನ್ಸಿಲ್ ತಂದರೂ ಅವರ ಹೆಸರಿನ ಚೀಟಿ ಬರೆದು ಅಂಟಿಸುತ್ತಿದ್ದವಳು ನೀನು.

ಶಮಾ


ಕುಷ್ಟಗಿ
13 ಜೂನ್ 2025

ಶಮಾ,

ನಾನು ಮರೆತಿರಲಿಲ್ಲ.

ಈ ಸಾಲು ಬರೆಯಲು ಎರಡು ದಿನ ಹಿಡಿಯಿತು. ಹಾಳೆಗಳನ್ನು ಹರಿದು ಹಾಕಿದೆ, ಏಕೆಂದರೆ ಪ್ರತಿಯೊಂದರಲ್ಲೂ ಈ ಸಾಲಿನ ಮುಂಚೆ ಏನಾದರೂ ಸಬೂಬು ಬರುತ್ತಿತ್ತು.

ನಿನ್ನ ಹೆಸರನ್ನು ಬರೆದಿದ್ದೆ. 'ಕಂಡವರು: ಶಮಾ', ಅದರ ಮುಂದೆ ನಿನ್ನ ಇಮೇಲ್ ವಿಳಾಸ. ಕಳಿಸುವ ಮುಂಚೆ ರುದ್ರೇಶ ಚಹಾ ತಂದು ಹಿಂದೆ ನಿಂತರು. "ಶಮಾನ ಹೆಸರು ಯಾಕ ಐತಿ ಇಲ್ಲಿ?" ಎಂದರು. ಸುಮ್ಮನೆ ಕೇಳಿದ್ದು, ಅದರಲ್ಲಿ ಏನೂ ಇರಲಿಲ್ಲ. ದೋಷ ಕಂಡದ್ದು ಆಕೆಯೇ ಎನ್ನಬೇಕಿತ್ತು. "ಪದ್ಧತಿಗೆ ಹಾಕೋದು" ಎಂದೆ. ಹಿಂದಿನ ದಿನ ಮಾವನವರು ಅಂಗಡಿಯಲ್ಲಿ ಹೇಳಿಯಾಗಿತ್ತು, ಊಟದ ಹೊತ್ತಿಗೆ ಮತ್ತೊಮ್ಮೆ ಹೇಳಿ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದ್ದರು. ಹೊಸ ಮನೆಯಲ್ಲಿ ಎಲ್ಲರೂ ನನ್ನ ಕಡೆ ಅರಳಿದ ಮುಖ ಮಾಡಿ ನೋಡುತ್ತಿದ್ದರು. ಆ ಸಾಲು ಇದ್ದರೆ ಅದು ನಿಲ್ಲುತ್ತದೆ ಎಂದು ನನಗೆ ಅನ್ನಿಸಿತು. ರುದ್ರೇಶ ಕೆಳಗೆ ಹೋದ ಮೇಲೆ ಅಳಿಸಿದೆ. ಎರಡು ಸೆಕೆಂಡು ಕೂಡ ಬೇಕಾಗಲಿಲ್ಲ.

ಇನ್ನೂ ಒಂದಿದೆ, ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಮಾರ್ಚ್‌ನಲ್ಲಿ ಪ್ಯಾಚ್ ನೋಡುವ ಹಿರಿಯರು ಕೇಳಿದ್ದರು: ಈ ಓದುವ ಆಜ್ಞೆಗಳು ನಿಜಕ್ಕೂ ಬರೀ ಓದುತ್ತವೆಯೇ, ಬೋರ್ಡಿನ ಮೇಲೆ ಯಾರಾದರೂ ನೋಡಿದ್ದಾರೆಯೇ? ನಿನ್ನನ್ನು ಕೇಳಬೇಕೆಂದು ಫೋನು ಕೈಗೆ ತೆಗೆದುಕೊಂಡೆ. ಕೇಳಿದರೆ ನೀನು ಪ್ಯಾಚ್ ಓದುತ್ತೀಯ, ಓದಿದರೆ ಅಡಿಸಾಲು ನೋಡುತ್ತೀಯ. ಫೋನು ಕೆಳಗಿಟ್ಟು, ಕಂಪನಿಯ ಪಟ್ಟಿ ನೋಡಿ, 'ಹೌದು' ಎಂದು ಉತ್ತರಿಸಿದೆ. ಆ 'ಹೌದು' ಮಾರೆಪ್ಪನವರ ಎಂಟು ದಿನ ತಿಂದಿತು.

ನಿನ್ನೆ ಸಂಜೆ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಹೇಳಿದೆ.

"ಮಾವಾರ, ಆ ದೋಷ ಕಂಡಾಕಿ ನಾ ಅಲ್ರಿ. ಶಮಾ."

"ಯಾವ ಶಮಾ? ಮದಿವ್ಯಾಗ ಮೆಹಂದಿ ಹಚ್ಚಿದಾಕಿ?"

"ಹೌದ್ರಿ. ಆಕಿ ಹೆಸರು ನಾನ ಅಳಸೀನ್ರಿ."

ಅತ್ತೆ, "ಶಾಲು ಹೊಚ್ಚುವಾಗ ಬಾಯಾಗ ಅವಲಕ್ಕಿ ಇಟ್ಕೊಂಡಿದ್ದೇನವಾ?" ಎಂದರು. ನನಗೆ ಅಳು ಬಂತು, ಅತ್ತೆ ಸಮಾಧಾನ ಮಾಡಲು ಏಳಲಿಲ್ಲ. ಏಳದಿದ್ದದ್ದೇ ಒಳ್ಳೆಯದಾಯಿತು.

"ಅಂಗಡಿಗೆ ಬಂದವರಿಗೆ ಇನ್ನ ನಾ ಏನು ಹೇಳ್ಲಿ?" ಎಂದರು ಮಾವನವರು.

"ಖರೇ ಹೇಳ್ರಿ."

"ನಾ ಹೇಳಿದ್ದು ಖರೇ ಅಂತ ನಂಬಿ ಹೇಳೀನಿ. ನೀ ಬಂದು ಹೇಳವಾ. ಅಂಗಡ್ಯಾಗ ಕುಂತು, ನಿನ್ನ ಬಾಯಿಲೆ."

ಇವತ್ತು ಬೆಳಿಗ್ಗೆ ಹೋಗಿ ಕೂತಿದ್ದೆ. ತೊಗರಿ ಚೀಲಗಳ ನಡುವೆ, ಬಂದ ಒಬ್ಬೊಬ್ಬರಿಗೂ ಹೇಳಿದೆ. ಹನುಮಸಾಗರದಿಂದ ಬಂದ ಅಂದಪ್ಪ ಎಂಬ ಹಿರಿಯರು ಪೂರ್ತಿ ಕೇಳಿ, "ಏನೋ ನಂಗ ತಿಳೀಲಿಲ್ಲವಾ. ಇನ್ನೊಬ್ಬರ ಹೊಲದ ಮೊದಲ ತೆನಿ ನಿನ್ನ ಉಡ್ಯಾಗ ಹಾಕ್ಕೊಂಡಿ, ಹೌದಲ್ಲ?" ಎಂದರು. ಹೌದು ಎಂದೆ. ಅವರು ತಲೆಯಾಡಿಸಿ ಹೆಸರುಕಾಳಿನ ದರ ಕೇಳಿದರು.

ಫಲಕ ವಾಪಸು ಕೊಡಲು ರುದ್ರೇಶ ಕೊಪ್ಪಳದ ಸಂಘದವರಿಗೆ ಫೋನು ಮಾಡಿದರು. "ಹೆಸರು ಕೆತ್ತಿಸಿದ್ದು ಸರ್, ಬೇರೆ ಯಾರಿಗೂ ಕೊಡಾಕ ಬರಂಗಿಲ್ಲ, ಇಟ್ಕೊಳ್ರಿ" ಎಂದರಂತೆ. ರುದ್ರೇಶ ನನ್ನನ್ನು ಬೈದಿಲ್ಲ. ಇವತ್ತು ಕಾಲೇಜಿನಿಂದ ಬರುವಾಗ ಏನನ್ನೂ ತರಲಿಲ್ಲ, ಅಷ್ಟೆ.

ಲಿಸ್ಟಿಗೆ ಇವತ್ತು ಬರೆದಿದ್ದೇನೆ, ಲೋಕವೆಲ್ಲ ಓದುವ ಹಾಗೆ: ದೋಷ ಕಂಡದ್ದು ಗಂಗಾವತಿಯ ಶಮಾ, ಅವರ ಹೆಸರನ್ನು ಗೊತ್ತಿದ್ದೂ ನಾನು ಬಿಟ್ಟೆ, ಓದುವ ಆಜ್ಞೆಗಳ ಬಗ್ಗೆ ಪರೀಕ್ಷಿಸದೆ ಹೌದೆಂದೆ. 'ಮರೆತೆ' ಎಂದು ಎಲ್ಲೂ ಬರೆದಿಲ್ಲ. ಸಂದರ್ಶನ ಮಾಡಿದವರಿಗೂ ಅದರ ಪ್ರತಿ ಹೋಗಿದೆ. ನಾನು ಕೆಲಸ ಮಾಡುವ ಸಂಸ್ಥೆಯ ಕಾಗದದ ಮೇಲೆ ಮಿಲ್ಲಿನ ಸಾಹುಕಾರರಿಗೆ ಬರೆದ ಪತ್ರ ಇದರ ಜೊತೆಗಿದೆ: ತಪ್ಪು ಕರ್ನಲ್‌ನ ತಪಾಸಣೆಯದು, ಬರೆದವಳು ನಾನು, ಮಾರೆಪ್ಪನವರದು ಏನೂ ಇಲ್ಲ. ನೀನೇ ಓದಿ ಹೇಳು. ನನ್ನಿಂದ ಅಲ್ಲಿಗೆ ಬರಲು ಆಗುತ್ತಿಲ್ಲ, ಮುಖವಿಲ್ಲ.

ಸೊನ್ನೆಯ ದೋಷಕ್ಕೆ ತಪಾಸಣೆ ನಾನು ಬರೆಯುವುದಿಲ್ಲ. ಅದು ನಿನ್ನದು. ಬರೆಯುತ್ತೀಯಾ ಎಂದು ಕೇಳುವ ಹಕ್ಕೂ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಭವಾನಿ


ಕುಷ್ಟಗಿ
21 ಜುಲೈ 2025

ಶಮಾ,

ಪತ್ರಕ್ಕೆ ಉತ್ತರ ಬರಲಿಲ್ಲ. ಪ್ಯಾಚ್ ಬಂತು. ಶುಕ್ರವಾರ ಬೆಳಿಗ್ಗೆ ಲಿಸ್ಟಿನಲ್ಲಿ ನಿನ್ನ ಹೆಸರು ನೋಡಿ ಮಹಡಿಯಿಂದ ಕೆಳಗೆ ಓಡಿಹೋಗಿ, ಹೇಳಲು ಯಾರೂ ಸಿಗದೆ, ಮತ್ತೆ ಮೇಲೆ ಬಂದೆ.

ಟಿಪ್ಪಣಿಯ ಅಡಿಯಲ್ಲಿ, ಯಾವ ಹಿಂದಿನ ಬದಲಾವಣೆಯ ತಪ್ಪನ್ನು ಇದು ಸರಿಪಡಿಸುತ್ತದೆ ಎಂಬ ಸಾಲಿನಲ್ಲಿ ನನ್ನ ಪ್ಯಾಚಿನ ಹೆಸರಿದೆ. ಇರಲೇಬೇಕಾದದ್ದು. ಅದನ್ನು ಹತ್ತು ಸಲ ಓದಿದೆ.

ಹಿರಿಯರು ಅದೇ ದಿನ ಬರೆದರು: ಚೆನ್ನಾಗಿದೆ, ಭವಾನಿ ಒಪ್ಪಿದರೆ ಸಾಕು. ಆಮೇಲೆ ಮೂರು ದಿನ ನಾನು ಉತ್ತರಿಸಲಿಲ್ಲ. ನೀನು ಏನೆಂದುಕೊಂಡೆಯೋ.

ಆಗಿದ್ದು ಇದು. ನಿನ್ನ ತಪಾಸಣೆಯಲ್ಲಿ ಒಂದು ತಪ್ಪಿದೆ. ಪ್ರೋಗ್ರಾಮು ಕೊಟ್ಟ ಆಜ್ಞೆಯನ್ನು ನೀನು ಒಮ್ಮೆ ಓದಿ, ಅಳತೆ ಸೊನ್ನೆಯೇ ಎಂದು ನೋಡುತ್ತೀಯ. ಅಲ್ಲಿಯವರೆಗೆ ಸರಿ. ಆಮೇಲೆ ಬೋರ್ಡಿಗೆ ಕಳಿಸುವಾಗ ಅದೇ ಜಾಗದಿಂದ ಎರಡನೇ ಸಲ ಓದುತ್ತೀಯ. ಆ ಎರಡರ ನಡುವೆ ಆ ಪ್ರೋಗ್ರಾಮು ಒಳಗಿನದನ್ನು ಬದಲಿಸಬಹುದು. ಗೇಟಿನಲ್ಲಿ ಚೀಲ ಬಿಚ್ಚಿ ನೋಡಿ, 'ಸರಿ ಇದೆ, ಹೊರಗಿಟ್ಟು ಬಾ' ಎಂದು ಕಳಿಸಿ, ಆಮೇಲೆ ತಂದ ಚೀಲವನ್ನು ನೋಡದೆ ಒಳಗೆ ಬಿಟ್ಟಂತೆ. ಒಮ್ಮೆಯೇ ಓದಿ ನಮ್ಮ ಹತ್ತಿರ ಇಟ್ಟುಕೊಂಡು, ಅದನ್ನೇ ನೋಡಿ, ಅದನ್ನೇ ಕಳಿಸಬೇಕು.

ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಮೊದಲ ದಿನ, ಸುಮ್ಮನೆ ಒಪ್ಪಿಬಿಡೋಣ ಎಂದುಕೊಂಡೆ. ನಾನು ಯಾವ ಬಾಯಿಂದ ನಿನ್ನ ಮೊದಲ ಪ್ಯಾಚನ್ನು ಎಲ್ಲರೆದುರು ತಪ್ಪು ಎನ್ನಲಿ? ಎರಡನೇ ದಿನ, ಸೇರಿಸುವಾಗ ಯಾರಿಗೂ ಹೇಳದೆ ನಾನೇ ತಿದ್ದಿಬಿಡೋಣ ಎಂದುಕೊಂಡೆ. ಅದು ದಯೆಯ ಹಾಗೆ ಕಂಡಿತು. ಸಂಜೆ ರುದ್ರೇಶರಿಗೆ ಹೇಳಿದೆ.

"ಆಕೀಗೆ ಕೇಳದ ಆಕಿ ಕೆಲಸದಾಗ ಮತ್ತ ಕೈ ಹಾಕ್ತೀಯೇನು?" ಎಂದರು. ಅಷ್ಟೇ ಮಾತು, ಊಟ ಮುಂದುವರಿಸಿದರು.

ಇವತ್ತು ನಿನ್ನ ಪ್ಯಾಚನ್ನು ತಿರುಗಿಸಿ ಕಳಿಸಿದ್ದೇನೆ. ಪರಿಚಯವಿಲ್ಲದವರು ಕಳಿಸಿದ್ದರೆ ಹೇಗೆ ಬರೆಯುತ್ತಿದ್ದೆನೋ ಹಾಗೇ ಬರೆದಿದ್ದೇನೆ, ಅಷ್ಟೇ ಗಟ್ಟಿಯಾಗಿ, ಎಲ್ಲರಿಗೂ ಕಾಣುವ ಹಾಗೆ. ಇದರಿಂದ ನೀನು ಇನ್ನೂ ದೂರ ಹೋದರೆ ಅದು ನನ್ನ ಪಾಲಿನದೇ.

ಭವಾನಿ


ಗಂಗಾವತಿ
30 ಜುಲೈ 2025

ಭವಾನಿ,

ನಿನ್ನ ಉತ್ತರ ಲಿಸ್ಟಿನಲ್ಲಿ ಬಂದಾಗ ಮೈಯೆಲ್ಲ ಉರಿಯಿತು. ನನ್ನ ಹೆಸರು ತಿಂದವಳು ಈಗ ನನ್ನ ತಪ್ಪನ್ನು ಊರಿಗೆಲ್ಲ ಸಾರುತ್ತಿದ್ದಾಳೆ ಎನ್ನಿಸಿತು. ಅಮ್ಮ ನೋಡಿದಳು.

"ಮಾರಿ ಯಾಕ ಹಂಗ ಮಾಡೀದಿ?"

"ಭವಾನಿ ನನ್ನ ಕೆಲಸದಾಗ ತಪ್ಪು ಹಿಡದಾಳ."

"ತಪ್ಪು ಐತೇನು?"

ಒಂದು ತಾಸು ಕೂತು ನೋಡಿದೆ. ಐತಿ ಎಂದೆ.

"ಮತ್ತ?" ಎಂದು ಅಮ್ಮ ರೊಟ್ಟಿ ಬಡಿಯಲು ಹೋದಳು.

ಮಾರೆಪ್ಪ ಕೆಲಸಕ್ಕೆ ಹೋಗುತ್ತಿದ್ದಾರೆ. ನಿನ್ನ ಪತ್ರವನ್ನು ಸಾಹುಕಾರರ ಎದುರು ಓದಿದೆ, ಅರ್ಥ ಹೇಳಿದೆ. ಅವರು ಕ್ಷಮೆ ಕೇಳಲಿಲ್ಲ, ಅದು ಅವರ ಜಾಯಮಾನದಲ್ಲಿಲ್ಲ. ಚಹಾ ತರಿಸಿದರು. ಮಾರೆಪ್ಪ ಆ ಕಾಗದವನ್ನು ಮನೆಗೆ ಒಯ್ದಿದ್ದಾರೆ. "ಇಂಗ್ಲಿಷಿನ್ಯಾಗ ಬರದೈತಿ, ಇನ್ನ ನನ್ನ ಹೆಂಡ್ತೀನೂ ನಂಬತಾಳ" ಎಂದರು.

ಸಂದರ್ಶನ ಮಾಡಿದವರು ನಿನ್ನ ಪತ್ರ ತಲುಪಿತು ಎಂದು ಬರೆದಿದ್ದಾರೆ. ಜಾಗ ತುಂಬಿದೆಯಂತೆ. ಅದು ಹೋಯಿತು, ಭವಾನಿ. ಅದನ್ನು ಹೋಗಿಲ್ಲ ಎಂದು ನಾನು ನಿನಗೆ ಹೇಳುವುದಿಲ್ಲ.

ಪ್ಯಾಚನ್ನು ತಿದ್ದಿ ಎರಡನೇ ಸಲ ಕಳಿಸಿದ್ದೇನೆ. ಎರಡು ಸಲ ಓದುವ ತಪ್ಪನ್ನು ಕಂಡದ್ದು ನೀನು. ಟಿಪ್ಪಣಿಯಲ್ಲಿ ನಿನ್ನ ಹೆಸರು ಹಾಕಿದ್ದೇನೆ. ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಯಾರು ಕಂಡರೋ ಅವರ ಹೆಸರು ಹಾಕುತ್ತಾರೆ.

ಮನೆಗೆ ಈಗಲೇ ಬರಬೇಡ. ಪತ್ರ ಬರಿ.

ಶಮಾ


ಕುಷ್ಟಗಿ
6 ಆಗಸ್ಟ್ 2025

ಶಮಾ,

ನಿನ್ನ ಎರಡನೇ ಪ್ಯಾಚನ್ನು ಹಳೆಯ ಬೋರ್ಡಿನ ಮೇಲೆ ಹಾಕಿ ನೋಡಿದೆ. ಹುಬ್ಬಳ್ಳಿಯಿಂದ ಒಂದು ತರಿಸಿಕೊಂಡಿದ್ದೇನೆ. ಮಾರ್ಚ್‌ನಲ್ಲೇ ತರಿಸಬೇಕಿತ್ತು. ಸಾಮಾನ್ಯ ಲಾಗಿನ್‌ನಿಂದ ಸೊನ್ನೆ ಕಳಿಸಿದೆ, ಕರ್ನಲ್ ಬಿಡಲಿಲ್ಲ. ನಡುವೆ ಬದಲಿಸಲು ನೂರು ಬಗೆಯಲ್ಲಿ ಪ್ರಯತ್ನಿಸಿದೆ, ಬಿಡಲಿಲ್ಲ.

ಸೇರಿಸುವ ಮುಂಚೆ ಟಿಪ್ಪಣಿಯನ್ನು ಕೊನೆಯ ಸಲ ಓದಿದೆ. ನನ್ನ ಹೆಸರಿನ ಸಾಲು ಬಂದಾಗ ತಲೆ ಎತ್ತಲಾಗಲಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಆಗಲಿಲ್ಲ. ನಿನ್ನ ಟಿಪ್ಪಣಿಯಲ್ಲಿ ಇರಲು ನನಗೆ ಏನು ಹಕ್ಕಿದೆ ಎಂದು ಅದನ್ನು ಅಳಿಸಲು ಹೊರಟೆ. ಕರ್ಸರು ಸಾಲಿನ ಕೊನೆಯಲ್ಲಿ ನಿಂತಿತ್ತು, ಬೆರಳು ಕೀಲಿಯ ಮೇಲೆ ಇತ್ತು.

ಆಗ ಹೊಳೆಯಿತು. ನನ್ನ ಮನಸ್ಸಿನ ಸಮಾಧಾನಕ್ಕಾಗಿ ಇನ್ನೊಬ್ಬರ ಟಿಪ್ಪಣಿಯಿಂದ ಒಂದು ನಿಜವಾದ ಸಾಲನ್ನು ನಾನು ಮತ್ತೆ ಅಳಿಸಲು ಹೊರಟಿದ್ದೆ.

ಬೆರಳು ತೆಗೆದೆ. ನೀನು ಬರೆದದ್ದನ್ನು ನೀನು ಬರೆದ ಹಾಗೆಯೇ ಸೇರಿಸಿದ್ದೇನೆ.

ಭವಾನಿ